ಆರನೇ ಹಂತದ ಕ್ಲಬ್ ಹಿಡಿದು ಸೀಸನ್ ದಾಟಿಸುವುದು ಹೇಗೆ: ಫುಟ್‌ಬಾಲ್ ಮ್ಯಾನೇಜರ್ ಆಡುವವರಿಗೆ ಸಮಗ್ರ ಮಾರ್ಗದರ್ಶಿ

ಕ್ಲಬ್ ನಡೆಸುವ ಕಂಪ್ಯೂಟರ್ ಆಟ ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ದೊಡ್ಡ ಕ್ಲಬ್ ಬಿಟ್ಟು ಇಂಗ್ಲೆಂಡಿನ ಲೀಗ್ ಏಣಿಯ ಆರನೇ ಹಂತವಾದ ನ್ಯಾಷನಲ್ ಲೀಗ್ ನಾರ್ತ್‌ಗೋ ಸೌತ್‌ಗೋ ಇಳಿದವರು ಹೆಚ್ಚುಕಮ್ಮಿ ಒಂದೇ ಥರ ಸೋಲುತ್ತಾರೆ. ಅಕ್ಟೋಬರ್‌ವರೆಗೆ ಎಲ್ಲಾ ಸರಿ. ಡಿಸೆಂಬರ್‌ನಲ್ಲಿ ಮೂವರಿಗೆ ಗಾಯ. ಜನವರಿಯಲ್ಲಿ ಲೋನ್ ಹುಡುಗರು, ಅಂದರೆ ಬೇರೆ ಕ್ಲಬ್‌ಗಳಿಂದ ಎರವಲು ತಂದವರು, ವಾಪಸ್. ಫೆಬ್ರವರಿಗೆ ಬ್ಯಾಂಕ್ ಬ್ಯಾಲೆನ್ಸ್ ಕೆಂಪಾಗುತ್ತದೆ, ಮಾರ್ಚ್‌ನಲ್ಲಿ ಕೆಲಸವೂ ಹೋಗುತ್ತದೆ. ಆಮೇಲೆ ಬರುವ ಪ್ರಶ್ನೆ ಮಾತ್ರ ಪ್ರತಿ ಸಲವೂ ಅದೇ: "ಯಾವ ಟ್ಯಾಕ್ಟಿಕ್ ಹಾಕಬೇಕಿತ್ತು?"

ಈ ಬರಹದಲ್ಲಿ ಟ್ಯಾಕ್ಟಿಕ್, ಅಂದರೆ ತಂಡ ಆಡುವ ತಂತ್ರ, ನಾಲ್ಕನೇ ಹಂತದಲ್ಲಿ ಬರುತ್ತದೆ, ಬೇಕಂತಲೇ. ಕೆಳಗಿನ ಲೀಗ್‌ಗಳಲ್ಲಿ ಸೀಸನ್ ಕೆಡುವುದು ಪಿಚ್ ಮೇಲಲ್ಲ, ಕಾಂಟ್ರ್ಯಾಕ್ಟ್ ಪುಟದಲ್ಲಿ. ಅದಕ್ಕೇ ಕೆಲಸಗಳ ಕ್ರಮ ಮುಖ್ಯ. ಕ್ರಮ ತಪ್ಪಿಸಿದರೆ ಒಂದೊಂದು ಹೆಜ್ಜೆ ಸರಿಯಾಗಿದ್ದರೂ ಒಟ್ಟು ಲೆಕ್ಕ ತಪ್ಪುತ್ತದೆ.

ನಾನು ಬರೆಯುತ್ತಿರುವುದು ಫುಟ್‌ಬಾಲ್ ಮ್ಯಾನೇಜರ್ 2024 (ಎಫ್‌ಎಂ 24) ಇಟ್ಟುಕೊಂಡು. ಎಫ್‌ಎಂ 25 ರದ್ದಾಯಿತು, 2025ರ ನವೆಂಬರ್‌ನಲ್ಲಿ ಬಂದ ಎಫ್‌ಎಂ 26ರಲ್ಲಿ ಪರದೆಯ ರೂಪವೇ ಬದಲಾಗಿದೆ. ಅದರಲ್ಲಿ ಆಡುವವರಿಗೆ ಬಟನ್‌ಗಳು ಬೇರೆ ಕಡೆ ಸಿಗಬಹುದು. ಕೆಲಸ ಮಾತ್ರ ಇದೇ.

## ಶುರು ಮಾಡುವ ಮುಂಚೆ

ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ಬೇಕು. ನಗಬೇಡಿ, ನಿಜವಾಗಿಯೂ ಬೇಕು. ಆಟ ನಿಮಗೆ ಇವತ್ತಿನ ಖರ್ಚು ತೋರಿಸುತ್ತದೆ. ಮುಂದಿನ ಜೂನ್‌ನಲ್ಲಿ ಯಾರ ಕಾಂಟ್ರ್ಯಾಕ್ಟ್ ಮುಗಿಯುತ್ತದೆ, ಪ್ರಮೋಶನ್ (ಮೇಲಿನ ಲೀಗ್‌ಗೆ ಏರಿಕೆ) ಸಿಕ್ಕರೆ ಯಾರ ಸಂಬಳ ಎಷ್ಟು ಏರುತ್ತದೆ ಅನ್ನುವುದನ್ನು ಒಂದೇ ಕಡೆ ಕೂಡಿಸಿ ಕೊಡುವುದಿಲ್ಲ.

ಹೊಸ ಸೇವ್, ಅಂದರೆ ಹೊಸ ಆಟ, ತೆರೆಯುವಾಗ ಇಂಗ್ಲೆಂಡನ್ನು ಆರನೇ ಹಂತದವರೆಗೂ ಲೋಡ್ ಮಾಡಿ. ಡೇಟಾಬೇಸ್ ಗಾತ್ರವನ್ನು ನಿಮ್ಮ ಕಂಪ್ಯೂಟರ್ ತಡೆಯುವಷ್ಟು ದೊಡ್ಡದಿಡಿ. ವೇಗಕ್ಕೆಂದು ಚಿಕ್ಕ ಡೇಟಾಬೇಸ್ ಆರಿಸಿದವರಿಗೆ ಜುಲೈನಲ್ಲಿ ಫ್ರೀ ಏಜೆಂಟ್‌ಗಳೇ (ಯಾವ ಕ್ಲಬ್‌ನಲ್ಲೂ ಇಲ್ಲದ ಆಟಗಾರರು) ಕಾಣುವುದಿಲ್ಲ. ಇದು ಆಮೇಲೆ ಸುಲಭವಾಗಿ ಸರಿಹೋಗುವ ತಪ್ಪಲ್ಲ, ಹೊಸದಾಗಿ ಶುರು ಮಾಡಬೇಕಾದೀತು.

## ಹಂತ 1: ಮೊದಲ ದಿನ ಯಾರಿಗೂ ಸಹಿ ಹಾಕಿಸಬೇಡಿ

ಮೊದಲು ತೆರೆಯಬೇಕಾದ್ದು ಫೈನಾನ್ಸ್ ಪುಟ. ಮೂರು ಸಂಖ್ಯೆ ಬರೆದುಕೊಳ್ಳಿ: ಬ್ಯಾಂಕಿನಲ್ಲಿರುವ ಹಣ, ವಾರದ ವೇಜ್ ಬಜೆಟ್, ಈಗ ನಿಜವಾಗಿ ಹೋಗುತ್ತಿರುವ ವಾರದ ಸಂಬಳ. ಮೂರನೆಯದು ಎರಡನೆಯದಕ್ಕಿಂತ ಹೆಚ್ಚಿದ್ದರೆ ಆಶ್ಚರ್ಯವೇನಿಲ್ಲ. ಹಿಂದಿನ ಮ್ಯಾನೇಜರ್ ಬಿಟ್ಟುಹೋದ ಸಾಲ ಅದು, ತೀರಿಸುವವರು ನೀವು.

ಆಮೇಲೆ ಬೋರ್ಡ್ ಏನು ನಿರೀಕ್ಷಿಸುತ್ತದೆ ಅನ್ನುವುದನ್ನು ಓದಿ. "ಮಧ್ಯದ ಸ್ಥಾನ ಸಾಕು" ಎಂದಿದ್ದರೆ ಅಷ್ಟಕ್ಕೇ ಒಪ್ಪಿಕೊಳ್ಳಿ. ಹೆಚ್ಚು ಬಜೆಟ್ ಸಿಗುತ್ತದೆಂದು ಪ್ಲೇಆಫ್ (ಮೇಲೇರಲು ಉಳಿದ ಸ್ಥಾನಕ್ಕೆ ಸೀಸನ್ ಕೊನೆಗೆ ನಡೆಯುವ ಪಂದ್ಯಗಳು) ತಲುಪುವ ಮಾತು ಕೊಟ್ಟು ನವೆಂಬರ್‌ನಲ್ಲಿ ತಲೆ ಮೇಲೆ ಕೈ ಹೊತ್ತವರನ್ನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯದು, ಎಲ್ಲರೂ ದಾಟಿಹೋಗುವ ಪುಟ: ಸ್ಪರ್ಧೆಯ ನಿಯಮಗಳು. ಬೆಂಚ್‌ನಲ್ಲಿ ಎಷ್ಟು ಜನ, ಒಂದು ಪಂದ್ಯದಲ್ಲಿ ಎಷ್ಟು ಲೋನ್ ಆಟಗಾರರು, ನೋಂದಣಿಗೆ ಕೊನೇ ದಿನ ಯಾವುದು ಎಲ್ಲ ಅಲ್ಲಿದೆ. ಲೀಗ್ ಬದಲಾದಂತೆ ಇವೂ ಬದಲಾಗುತ್ತವೆ, ನೆನಪಿನ ಮೇಲೆ ನಡೆಯಬೇಡಿ.

ಕೊನೆಗೆ ಜವಾಬ್ದಾರಿಗಳ ಪುಟಕ್ಕೆ ಹೋಗಿ, ಕಾಂಟ್ರ್ಯಾಕ್ಟ್ ನವೀಕರಣ ಮತ್ತು ಆಟಗಾರರನ್ನು ತರುವ ಕೆಲಸವನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಪತ್ರಿಕಾಗೋಷ್ಠಿ ಅಸಿಸ್ಟೆಂಟ್‌ಗಿರಲಿ. ಹಣದ ಬೀಗದ ಕೈ ಮಾತ್ರ ಯಾರಿಗೂ ಕೊಡಬೇಡಿ.

## ಹಂತ 2: ತಲೆ ಎಣಿಸಿ, ಗುಣ ಆಮೇಲೆ

ಲೀಗ್‌ನಲ್ಲಿ 24 ತಂಡ, ಅಂದರೆ 46 ಪಂದ್ಯ. ಜೊತೆಗೆ ಎಫ್‌ಎ ಕಪ್ ಮತ್ತು ಎಫ್‌ಎ ಟ್ರೋಫಿ ಎಂಬ ಎರಡು ನಾಕೌಟ್ ಸ್ಪರ್ಧೆಗಳು. ಶನಿವಾರ ಆಡಿ ಮಂಗಳವಾರ ಮತ್ತೆ ಆಡುವ ವಾರಗಳು ತಿಂಗಳುಗಟ್ಟಲೆ ಬರುತ್ತವೆ. ಇದಕ್ಕೆ 20ರಿಂದ 22 ಜನ ಬೇಕು: ಇಬ್ಬರು ಗೋಲಿಗಳು (ಗೋಲ್‌ಕೀಪರ್‌ಗಳು), ಉಳಿದ ಪ್ರತಿ ಜಾಗಕ್ಕೆ ಒಬ್ಬ, ಎರಡು ಜಾಗ ನಿಭಾಯಿಸುವ ಎಂಟರಿಂದ ಹತ್ತು ಮಂದಿ.

ಈಗ ಒಂದು ಸರಳ ಭಾಗಾಕಾರ. ವಾರದ ಬಜೆಟ್ 6,000 ಪೌಂಡ್ ಅಂದುಕೊಳ್ಳಿ. ಹತ್ತರಲ್ಲೊಂದು ಭಾಗ, ಅಂದರೆ 600, ಮುಟ್ಟದೆ ಎತ್ತಿಡಿ. ಡಿಸೆಂಬರ್‌ನ ಗಾಯಗಳಿಗೆ ಅದು. ಉಳಿದ 5,400ನ್ನು 20 ಜನಕ್ಕೆ ಹಂಚಿದರೆ ತಲಾ 270. ಇದೇ ನಿಮ್ಮ ಸರಾಸರಿ. ಒಬ್ಬನಿಗೆ 500 ಕೊಡಬೇಕೆಂದು ಅನಿಸಿದಾಗ ಆ 230 ಯಾರ ಜೇಬಿಂದ ಬರುತ್ತದೆ ಎಂದು ಹೆಸರು ಹೇಳಲು ಆಗಬೇಕು. ಹೇಳಲಾಗದಿದ್ದರೆ ಅವನು ನಿಮಗಲ್ಲ.

ಹೊರಹಾಕಬೇಕಾದವರಲ್ಲಿ ಮೊದಲ ಸರದಿ ದೊಡ್ಡ ಸಂಬಳದ, 33 ದಾಟಿದ ಹಳೇ ಹೆಸರುಗಳದ್ದು. ಆದರೆ ಕಾಂಟ್ರ್ಯಾಕ್ಟ್ ಮುರಿದು ಒಂದೇ ಸಲಕ್ಕೆ ಪರಿಹಾರ ಕೊಟ್ಟರೆ ಬ್ಯಾಂಕ್ ಬರಿದಾಗುತ್ತದೆ. ಉಚಿತವಾಗಿ ಬೇರೆ ಕ್ಲಬ್‌ಗೆ ಕಳಿಸಿ, ಇಲ್ಲವೇ ಲೋನ್ ಮೇಲೆ ಅರ್ಧ ಸಂಬಳ ಅವರಿಂದ ಕೊಡಿಸಿ.

## ಹಂತ 3: ಆಟಗಾರರಿಗಿಂತ ಮೊದಲು ಸ್ಟಾಫ್

ಮೂವರು ಸಾಕು: ಒಬ್ಬ ಒಳ್ಳೆ ಅಸಿಸ್ಟೆಂಟ್, ಒಬ್ಬ ಫಿಸಿಯೋ, ಒಬ್ಬ ಸ್ಕೌಟ್. ಅಸಿಸ್ಟೆಂಟ್‌ನಲ್ಲಿ ಆಟಗಾರರ ಈಗಿನ ಸಾಮರ್ಥ್ಯವನ್ನೂ ಮುಂದಿನ ಸಾಮರ್ಥ್ಯವನ್ನೂ ಅಳೆಯುವ ಎರಡು ಅಂಕ ನೋಡಿ. ನಿಮಗೆ ಕಾಣುವ ನಕ್ಷತ್ರಗಳು ಅವನ ಅಭಿಪ್ರಾಯವೇ ಹೊರತು ದೇವರ ವಾಕ್ಯವಲ್ಲ. ಅಳೆಯುವ ಅಂಕ (ಆಟದಲ್ಲಿ ಎಲ್ಲ ಗುಣಗಳಿಗೂ ಅಂಕ 20ಕ್ಕೆ) 6 ಇರುವವನು ಕೊಟ್ಟ ನಾಲ್ಕು ನಕ್ಷತ್ರವೂ 15 ಇರುವವನು ಕೊಟ್ಟ ನಾಲ್ಕು ನಕ್ಷತ್ರವೂ ಬೇರೆ ಬೇರೆ. ಅಷ್ಟೇ ಅಲ್ಲ, ನಕ್ಷತ್ರಗಳು ನಿಮ್ಮ ತಂಡಕ್ಕೆ ಹೋಲಿಸಿ ಬೀಳುವಂಥವು. ದುರ್ಬಲ ತಂಡದಲ್ಲಿ ಸಾಧಾರಣನೂ ಮಿಂಚುತ್ತಾನೆ.

ಬೋರ್ಡ್ ಹತ್ತಿರ ಮೊದಲ ತಿಂಗಳೇ ಎರಡು ಬೇಡಿಕೆ ಇಡಿ: ನಿಮ್ಮ ಕೋಚಿಂಗ್ ಬ್ಯಾಡ್ಜ್‌ಗೆ (ತರಬೇತುದಾರನ ಅರ್ಹತಾ ಪತ್ರ) ಹಣ, ಮತ್ತು ಮೇಲಿನ ಲೀಗ್‌ನ ಒಂದು ಹಿರಿಯ ಕ್ಲಬ್ ಜೊತೆ ನಂಟು. ಎರಡನೆಯದು ಒಪ್ಪಿದರೆ ಲೋನ್ ಹುಡುಗರ ದಾರಿ ಸುಲಭ.

## ಹಂತ 4: ಒಂದೇ ಟ್ಯಾಕ್ಟಿಕ್, ಸರಳವಾದದ್ದು

ಸೆಮಿ-ಪ್ರೊಫೆಷನಲ್ ಕ್ಲಬ್‌ನಲ್ಲಿ ಆಟಗಾರರು ಹಗಲು ಬೇರೆ ಕೆಲಸ ಮಾಡಿ ಬರುವವರು. ವಾರದ ತರಬೇತಿ ದೊಡ್ಡ ಕ್ಲಬ್‌ನ ಕಾಲು ಭಾಗವೂ ಇರುವುದಿಲ್ಲ. ಹಾಗಾಗಿ ಟ್ಯಾಕ್ಟಿಕ್ ಮೈಗೂಡುವುದಕ್ಕೆ ಹೆಚ್ಚು ವಾರ ಹಿಡಿಯುತ್ತದೆ. ಮೂರು ಟ್ಯಾಕ್ಟಿಕ್ ಜಾಗ ಇವೆಯೆಂದು ಮೂರನ್ನೂ ತುಂಬಿಸಿದರೆ ಎಲ್ಲವೂ ಅರೆಬೆಂದದ್ದೇ.

ನನ್ನ ಆಯ್ಕೆ 4-4-2: ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಅದು ಶ್ರೇಷ್ಠ ಅಂತಲ್ಲ. ಈ ಹಂತದ ಆಟಗಾರರಲ್ಲಿ ಬಹುಪಾಲು ಜನ ಆ ಜಾಗಗಳಲ್ಲೇ ಬೆಳೆದವರು, ಬದಲಿಗಳೂ ಅಗ್ಗಕ್ಕೆ ಸಿಗುತ್ತಾರೆ. ಮುಂದೆ ಒಬ್ಬ ಎತ್ತರದ ಟಾರ್ಗೆಟ್ ಫಾರ್ವರ್ಡ್, ಪಕ್ಕದಲ್ಲಿ ಓಡುವವನೊಬ್ಬ. ಹಿಂದಿನಿಂದ ಚಿಕ್ಕ ಪಾಸ್‌ಗಳಲ್ಲಿ ಕಟ್ಟಿಕೊಂಡು ಬರುವ ಆಟ ಬೇಡ. ಪಾಸಿಂಗ್ 7, ಫಸ್ಟ್ ಟಚ್ 6 ಇರುವ ಡಿಫೆಂಡರ್‌ಗೆ ಅದನ್ನು ಹೇರಿದರೆ ಎದುರಾಳಿಗೆ ಗೋಲು ದಾನ ಮಾಡಿದ ಹಾಗೆ. ಜನವರಿಯಲ್ಲಿ ಪಿಚ್‌ಗಳು ಕೆಸರುಗದ್ದೆಯಾದಾಗಲಂತೂ ಕೇಳಲೇಬೇಡಿ.

ಅರ್ಧ ಗಂಟೆ ಸೆಟ್ ಪೀಸ್‌ಗೆ (ಕಾರ್ನರ್, ಫ್ರೀ ಕಿಕ್ ಥರದವು) ಕೊಡಿ. ಎಫ್‌ಎಂ 24ರಲ್ಲಿ ಈ ವಿಭಾಗ ಹೊಸ ರೂಪದಲ್ಲಿ ಬಂದಿದೆ. ಅಸಿಸ್ಟೆಂಟ್ ಹಾಕಿದ ಸಾಮಾನ್ಯ ರೂಪದ ಮೇಲೆ ಬಿಡಬೇಡಿ. ಎತ್ತರದ ಇಬ್ಬರನ್ನು ಹತ್ತಿರದ ಕಂಬಕ್ಕೆ ಕಳಿಸುವ ಒಂದು ಕಾರ್ನರ್ ಸಾಕು.

## ಹಂತ 5: ಆಟಗಾರರನ್ನು ತರುವುದು

ಈ ಹಂತದಲ್ಲೇ ಹೆಚ್ಚಿನವರು ಮುಗ್ಗರಿಸುವುದು, ಸ್ವಲ್ಪ ನಿಧಾನವಾಗಿ ಹೋಗೋಣ.

ಎಲ್ಲಿ ಹುಡುಕಬೇಕು. ಮೊದಲು ಮೇಲಿನ ಲೀಗ್‌ಗಳು ಜೂನ್ 30ಕ್ಕೆ ಬಿಡುಗಡೆ ಮಾಡಿದ 19ರಿಂದ 23 ವಯಸ್ಸಿನವರು. ಎರಡನೆಯದಾಗಿ ನಾನ್-ಕಾಂಟ್ರ್ಯಾಕ್ಟ್ ಆಟಗಾರರು, ಅಂದರೆ ಕ್ಲಬ್‌ನಲ್ಲಿ ಆಡುತ್ತಿದ್ದರೂ ಕಾಂಟ್ರ್ಯಾಕ್ಟ್ ಬಿಗಿ ಇಲ್ಲದವರು. ಎದುರಾಳಿ ತಂಡದ ಒಳ್ಳೆ ಆಟಗಾರ ಹೀಗಿದ್ದರೆ ಒಂದು ಪೌಂಡ್ ಫೀ ಇಲ್ಲದೆ ಕರೆತರಬಹುದು. ನಿಮ್ಮ ತಂಡದಲ್ಲಿ ಅಂಥವರಿದ್ದರೆ ಇದೇ ನಿಮಗೂ ಆಗುತ್ತದೆ. ಅಂಥವನೊಬ್ಬ ನಾಲ್ಕು ಗೋಲು ಹೊಡೆದನೆಂದರೆ ಅವತ್ತೇ ಕೂರಿಸಿ ಕಾಂಟ್ರ್ಯಾಕ್ಟ್ ಮಾಡಿ.

ವಿದೇಶದ ಕಡೆ ಕಣ್ಣು ಹಾಕಬೇಡಿ. ಬ್ರೆಕ್ಸಿಟ್ ನಂತರ, 2021ರಿಂದ, ಯುರೋಪಿನವರಿಗೂ ಅಂಕಗಳ ಲೆಕ್ಕದ ವರ್ಕ್ ಪರ್ಮಿಟ್ ಬೇಕು. ಬೆಂಗಳೂರು ಎಫ್‌ಸಿಯಿಂದ ಒಬ್ಬನನ್ನು ಕರೆತರುವ ಆಸೆ ನಮ್ಮಲ್ಲಿ ಎಲ್ಲರಿಗೂ ಒಮ್ಮೆ ಬರುತ್ತದೆ; ನನಗೂ ಬಂದಿತ್ತು, ಅಂಕ ಸಾಲಲಿಲ್ಲ. ಐರ್ಲೆಂಡ್ ಗಣರಾಜ್ಯದವರಿಗೆ ಮಾತ್ರ ಈ ತಕರಾರಿಲ್ಲ.

ಏನು ನೋಡಬೇಕು. ಪೇಸ್ (ಓಟದ ವೇಗ), ಆಕ್ಸೆಲರೇಶನ್ (ಬೇಗ ವೇಗ ಹಿಡಿಯುವುದು), ಜಂಪಿಂಗ್ ರೀಚ್ (ನೆಗೆದು ಮುಟ್ಟುವ ಎತ್ತರ), ವರ್ಕ್ ರೇಟ್ (ದುಡಿಯುವ ಗುಣ). ಈ ಮಟ್ಟದಲ್ಲಿ ಪೇಸ್ 14 ಇರುವ ವಿಂಗರ್‌ಗೆ ಡ್ರಿಬ್ಲಿಂಗ್ 7 ಇದ್ದರೂ ಡಿಫೆಂಡರ್‌ಗಳು ಹಿಡಿಯಲಾರರು. ಟೆಕ್ನಿಕ್ 14 ಇದ್ದು ಪೇಸ್ 6 ಇರುವವನು ನೋಡಲು ಚಂದ, ಆಟದಲ್ಲಿ ಕಾಣಿಸುವುದೇ ಇಲ್ಲ.

ಮೊದಲು ಟ್ರಯಲ್. ಸ್ಕೌಟಿಂಗ್ ಬಜೆಟ್ ಇಲ್ಲದವರಿಗೆ ಟ್ರಯಲ್ ವರ. ಹತ್ತು ಹದಿನೈದು ಫ್ರೀ ಏಜೆಂಟ್‌ಗಳನ್ನು ಕರೆಸಿ, ಸ್ನೇಹ ಪಂದ್ಯಗಳಲ್ಲಿ ಆಡಿಸಿ. ಮುಚ್ಚಿದ್ದ ಅಂಕಗಳು ತೆರೆದುಕೊಳ್ಳುತ್ತವೆ. ಒಬ್ಬನನ್ನು ಇಷ್ಟಪಟ್ಟರೆ ಕೊನೇ ದಿನದವರೆಗೆ ಕಾಯಬೇಡಿ, ಇನ್ನೊಂದು ಕ್ಲಬ್ ಎತ್ತಿಕೊಂಡು ಹೋಗುತ್ತದೆ.

ಮಾತುಕತೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಬ್ಬ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್). ಅವನ ಏಜೆಂಟ್ ಕೇಳುವುದು: ವಾರಕ್ಕೆ 450 ಪೌಂಡ್, ಎರಡು ವರ್ಷ, ಆಡಿದ ಪ್ರತಿ ಪಂದ್ಯಕ್ಕೆ 50, ಪ್ರಮೋಶನ್ ಸಿಕ್ಕರೆ ಸಂಬಳ ಶೇ. 50 ಏರಿಕೆ, "ಇಂಪಾರ್ಟೆಂಟ್ ಪ್ಲೇಯರ್" ಸ್ಥಾನ.

ಮೊದಲು ಮುಟ್ಟಬೇಕಾದ್ದು ಸಂಬಳವಲ್ಲ, ಸ್ಥಾನ. ಅದನ್ನು "ರೆಗ್ಯುಲರ್ ಸ್ಟಾರ್ಟರ್"ಗೆ ಇಳಿಸಿದರೆ ಕೇಳುವ ಸಂಬಳ ತಾನಾಗಿ ಸ್ವಲ್ಪ ಇಳಿಯುತ್ತದೆ. ಆಮೇಲೆ ಒಂದು ವರ್ಷದ ಅವಧಿ, ಜೊತೆಗೆ ಇನ್ನೊಂದು ವರ್ಷ ಮುಂದುವರಿಸುವ ಹಕ್ಕು ಕ್ಲಬ್ ಕೈಯಲ್ಲಿ. ಈ ಎರಡನ್ನೂ ಬೀಗದ ಗುರುತು ಒತ್ತಿ ಕಟ್ಟಿಹಾಕಿ. ಈಗ ಪಂದ್ಯದ ಹಣವನ್ನು 80ಕ್ಕೆ ಏರಿಸಿ, ವಾರದ ಸಂಬಳವನ್ನು 340ಕ್ಕೆ ತನ್ನಿ, ಪ್ರಮೋಶನ್ ಏರಿಕೆಯನ್ನು ಶೇ. 15ಕ್ಕೆ. ಒಂದೇ ಸಲ ಇಷ್ಟು ಕಡಿಮೆ ಹೇಳಿದರೆ ಏಜೆಂಟ್ ಎದ್ದುಹೋಗುತ್ತಾನೆ, ಎರಡು ಮೂರು ಸುತ್ತಿನಲ್ಲಿ ಇಳಿಸಿ.

ಲೆಕ್ಕ ಹೀಗೆ. ಅವನು ಕೇಳಿದ ಹಾಗೆ ಕೊಟ್ಟಿದ್ದರೆ, 46 ಪಂದ್ಯವೂ ಆಡಿದರೆ, ವರ್ಷಕ್ಕೆ 23,400 ಮತ್ತು 2,300 ಸೇರಿ 25,700. ನಿಮ್ಮ ಲೆಕ್ಕದಲ್ಲಿ 17,680 ಮತ್ತು 3,680 ಸೇರಿ 21,360. ಗಾಯವಾಗಿ ಅರ್ಧ ಸೀಸನ್ ಕೂತನೆಂದರೆ ಅಂತರ 5,000 ದಾಟುತ್ತದೆ. ಪ್ರಮೋಶನ್ ಆದರೆ ಅವನ ಕರಾರಿನಲ್ಲಿ ವಾರಕ್ಕೆ 675, ನಿಮ್ಮದರಲ್ಲಿ 391. ಇಂಥ ಹದಿನೈದು ಜನರನ್ನು ಕಲ್ಪಿಸಿಕೊಳ್ಳಿ, ಪ್ರಮೋಶನ್ ಪಡೆದ ಕ್ಲಬ್‌ಗಳು ಮರುವರ್ಷ ಯಾಕೆ ಮುಳುಗುತ್ತವೆಂದು ಗೊತ್ತಾಗುತ್ತದೆ.

ಇನ್ನೊಂದು ಬಲೆ: ಇಷ್ಟು ಪಂದ್ಯ ಆಡಿದರೆ ಕಾಂಟ್ರ್ಯಾಕ್ಟ್ ತಾನಾಗಿ ಒಂದು ವರ್ಷ ಮುಂದುವರಿಯುವ ಷರತ್ತು. 34 ವರ್ಷದ ಆಟಗಾರನ ಏಜೆಂಟ್ ಇದನ್ನು ಮೆಲ್ಲಗೆ ಸೇರಿಸಿರುತ್ತಾನೆ. ತೆಗೆಸದೆ ಸಹಿ ಹಾಕಬೇಡಿ.

## ಹಂತ 6: ಲೋನ್ ಕೊನೆಗೆ

ಮೇಲಿನ ಕ್ಲಬ್‌ಗಳ ಹುಡುಗರು ಸಂಬಳವಿಲ್ಲದೆ ಸಿಗುತ್ತಾರೆ, ನಿಮ್ಮವರಿಗಿಂತ ಚೆನ್ನಾಗಿಯೂ ಆಡುತ್ತಾರೆ. ಅದೇ ಅಪಾಯ.

ನನ್ನ ಒಂದು ಸೇವ್‌ನಲ್ಲಿ ಏಳು ಜನ ಲೋನ್ ಮೇಲಿದ್ದರು. ಕ್ರಿಸ್‌ಮಸ್‌ಗೆ ಎರಡನೇ ಸ್ಥಾನ. ಜನವರಿಯ ಮೊದಲ ವಾರ ಮೂವರನ್ನು ಅವರ ಕ್ಲಬ್‌ಗಳು ವಾಪಸ್ ಕರೆದುಕೊಂಡವು: ಇಬ್ಬರು ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್‌ಗಳು), ಒಬ್ಬ ಗೋಲಿ. ಬೆಂಚಿನಲ್ಲಿದ್ದ ನಮ್ಮ ಗೋಲಿ ಆ ಸೀಸನ್ ಒಂದು ಪಂದ್ಯವೂ ಆಡಿರಲಿಲ್ಲ. ಸೀಸನ್ ಮುಗಿದಿದ್ದು ಹನ್ನೊಂದನೇ ಸ್ಥಾನದಲ್ಲಿ.

ಆಮೇಲೆ ನಾನು ಇಟ್ಟುಕೊಂಡ ಮಿತಿ: ಹೆಚ್ಚೆಂದರೆ ನಾಲ್ವರು, ಗೋಲಿ ಎಂದೂ ಲೋನ್ ಅಲ್ಲ, ಒಂದೇ ಸಾಲಿನಲ್ಲಿ ಇಬ್ಬರು ಲೋನ್ ಇರಕೂಡದು. ವಾಪಸ್ ಕರೆಯುವ ಷರತ್ತು ಬೇಡವೆಂದು ಕೇಳಿ ನೋಡಿ, ಒಮ್ಮೊಮ್ಮೆ ಒಪ್ಪುತ್ತಾರೆ.

## ಹಂತ 7: ಪ್ರೀ-ಸೀಸನ್

ಆರೇಳು ಸ್ನೇಹ ಪಂದ್ಯ. ಮೊದಲ ಒಂದೆರಡು ದೊಡ್ಡ ಕ್ಲಬ್ ಜೊತೆ, ನಿಮ್ಮ ಮೈದಾನದಲ್ಲೇ: ಸೋತರೂ ಗೇಟ್ ಹಣ ಬರುತ್ತದೆ. ಕೊನೇ ಮೂರು ನಿಮಗಿಂತ ದುರ್ಬಲರ ಜೊತೆ, ಗೆದ್ದು ಹುರುಪು ತುಂಬಲು. ಕ್ರಮ ತಿರುಗಿಸಿ ಕೊನೇ ಪಂದ್ಯದಲ್ಲಿ 0-6 ಸೋತು ಲೀಗ್ ಶುರು ಮಾಡಿದರೆ ಮೊದಲ ತಿಂಗಳು ಕೈಬಿಟ್ಟಂತೆ.

## ಹಂತ 8: ಆಗಸ್ಟ್‌ನಿಂದ ಡಿಸೆಂಬರ್, ಕಣ್ಣಿಡಬೇಕಾದ ಸೂಚನೆಗಳು

ಎರಡು ಪಂದ್ಯ ಸೋತ ಕೂಡಲೇ ಟ್ಯಾಕ್ಟಿಕ್ ಕಿತ್ತುಹಾಕುವುದು ದೊಡ್ಡ ತಪ್ಪು. ಐದು ಪಂದ್ಯಗಳ ಎಕ್ಸ್‌ಜಿ (ಸಿಕ್ಕ ಅವಕಾಶಗಳಿಂದ ಬರಬೇಕಿದ್ದ ಗೋಲುಗಳ ಅಂದಾಜು) ಕೂಡಿಸಿ ನೋಡಿ. ನಿಮ್ಮದು ಎದುರಾಳಿಗಿಂತ ಹೆಚ್ಚಿದ್ದೂ ಸೋಲುತ್ತಿದ್ದರೆ ಏನೂ ಮುಟ್ಟಬೇಡಿ. ಕಡಿಮೆ ಇದ್ದೂ ಗೆಲ್ಲುತ್ತಿದ್ದರೆ ಆಗಲೇ ಎಚ್ಚರವಾಗಬೇಕು. ಅದೃಷ್ಟದ ಸಾಲ ನವೆಂಬರ್‌ನಲ್ಲಿ ವಸೂಲಾಗುತ್ತದೆ.

ಒಂದೇ ಜಾಗದಿಂದ ಮೂರು ಪಂದ್ಯದಲ್ಲಿ ಗೋಲು ತಿಂದರೆ ಆ ಫುಲ್ ಬ್ಯಾಕ್ ನಿಧಾನ. ಕೊನೇ ಹದಿನೈದು ನಿಮಿಷದಲ್ಲೇ ಗೋಲು ತಿನ್ನುತ್ತಿದ್ದರೆ ಪ್ರೆಸಿಂಗ್ (ಚೆಂಡು ಕಸಿಯಲು ಎದುರಾಳಿಯ ಮೇಲೆ ಮುಗಿಬೀಳುವುದು) ಇಳಿಸಿ. ಸೆಮಿ-ಪ್ರೊ ಕಾಲುಗಳು 90 ನಿಮಿಷ ಅಷ್ಟು ಓಡುವುದಿಲ್ಲ. ಮಂಗಳವಾರದ ಪಂದ್ಯಕ್ಕೆ ಶನಿವಾರದ ಹನ್ನೊಂದರಲ್ಲಿ ಮೂವರನ್ನಾದರೂ ಬದಲಿಸಿ.

ಎಫ್‌ಎ ಕಪ್‌ಗೆ ಆರನೇ ಹಂತದ ಕ್ಲಬ್‌ಗಳು ಎರಡನೇ ಅರ್ಹತಾ ಸುತ್ತಿನಲ್ಲಿ ಸೇರುತ್ತವೆ. ಮೂರು ಗೆದ್ದರೆ ಮುಖ್ಯ ಘಟ್ಟದ ಮೊದಲ ಸುತ್ತು. ಇಲ್ಲಿ ಮಾತ್ರ ಪೂರ್ತಿ ಬಲದ ತಂಡ ಇಳಿಸಿ. ಬಹುಮಾನದ ಜೊತೆ ಒಂದು ದೊಡ್ಡ ಎದುರಾಳಿ ಸಿಕ್ಕರೆ ಟಿಕೆಟ್ ಹಣದಲ್ಲಿ ಪಾಲು ಬರುತ್ತದೆ, ತಿಂಗಳುಗಳ ಸಂಬಳ ಅದರಲ್ಲೇ ಹೊರಡುತ್ತದೆ. ಆದರೆ ಬಂದ ಹಣವನ್ನು ವಾರದ ಸಂಬಳಕ್ಕೆ ಸುರಿಯಬೇಡಿ. ಕಪ್ ಹಣ ಒಂದೇ ಸಲ ಬರುವುದು, ಸಂಬಳ ಪ್ರತಿ ವಾರ ಹೋಗುವುದು.

ಚಾಂಪಿಯನ್ ಪಟ್ಟಕ್ಕೆ ಬಜೆಟ್ ಪೂರಾ ಸುರಿಯುವವರಿಗೊಂದು ಮಾತು. ಐದನೇ ಹಂತದ ನ್ಯಾಷನಲ್ ಲೀಗ್‌ನಲ್ಲಿ ನೇರ ಪ್ರಮೋಶನ್ ಒಂದೇ ಸ್ಥಾನಕ್ಕೆ. 2022-23ರಲ್ಲಿ ರೆಕ್ಸಮ್ 111 ಅಂಕ ತೆಗೆಯಿತು. 107 ಅಂಕ ತೆಗೆದ ನಾಟ್ಸ್ ಕೌಂಟಿ ಎರಡನೆಯದಾಗಿ ಪ್ಲೇಆಫ್ ಆಡಬೇಕಾಯಿತು, ಫೈನಲ್ ಪೆನಾಲ್ಟಿಯಲ್ಲಿ ಇತ್ಯರ್ಥವಾಯಿತು. ಆರನೇ ಹಂತದಲ್ಲೂ ನೇರ ಸ್ಥಾನ ಒಂದೇ, ಉಳಿದವರಿಗೆ ಏಳನೇ ಸ್ಥಾನದವರೆಗೆ ಪ್ಲೇಆಫ್. ಹಾಗಾಗಿ ಏಳರೊಳಗೆ ಉಳಿಯುವಷ್ಟು ಖರ್ಚು ಸಾಕು.

## ಹಂತ 9: ಜನವರಿಯಿಂದ ಮೇ

ನಾನ್-ಲೀಗ್‌ನಲ್ಲಿ (ಐದನೇ ಹಂತ ಮತ್ತು ಅದರ ಕೆಳಗಿನವು) ನೋಂದಣಿಯ ಬಾಗಿಲು ಮಾರ್ಚ್ ನಾಲ್ಕನೇ ವಾರದವರೆಗೆ ತೆರೆದಿರುತ್ತದೆ. ಎತ್ತಿಟ್ಟ ಆ 600 ಪೌಂಡ್ ಈಗ ಹೊರಬರಲಿ, ಗಾಯದ ಜಾಗಕ್ಕೆ ತಿಂಗಳ ಲೋನ್ ಅಥವಾ ನಾನ್-ಕಾಂಟ್ರ್ಯಾಕ್ಟ್ ಒಬ್ಬ.

ಫೆಬ್ರವರಿಯಲ್ಲಿ ನೋಟ್‌ಬುಕ್ ತೆಗೆದು ಜೂನ್‌ಗೆ ಮುಗಿಯುವ ಹೆಸರುಗಳಿಗೆ ಮೂರು ಗುರುತು ಹಾಕಿ: ಉಳಿಸು, ಬಿಡು, ಕಾದು ನೋಡು. ಉಳಿಸುವವರ ಜೊತೆ ಈಗಲೇ ಮಾತಾಡಿ. ಪ್ರಮೋಶನ್ ಖಚಿತವಾದ ಮರುದಿನ ಅದೇ ಆಟಗಾರ ದುಪ್ಪಟ್ಟು ಕೇಳುತ್ತಾನೆ. ಬಿಡುವವರ ಬಗ್ಗೆ ಕರುಣೆ ಬೇಡ. ಹೋದ ವರ್ಷ ಹದಿನೆಂಟು ಗೋಲು ಹೊಡೆದ 35ರ ಸ್ಟ್ರೈಕರ್ ಮುಂದಿನ ವರ್ಷ ಆರು ಹೊಡೆಯುತ್ತಾನೆ.

ಮಾರ್ಚ್‌ನಲ್ಲಿ ಬರುವ ಯೂತ್ ಇನ್‌ಟೇಕ್‌ನಲ್ಲಿ (ಕ್ಲಬ್‌ಗೆ ವರ್ಷಕ್ಕೊಮ್ಮೆ ಬರುವ ಎಳೆಯರ ತಂಡ) ಹದಿನೈದು ಹುಡುಗರು ಬಂದರೆ ಹದಿನೈದಕ್ಕೂ ಸಹಿ ಹಾಕಿಸಬೇಡಿ. ಇಬ್ಬರೋ ಮೂವರೋ ಸಾಕು.

## ಹಂತ 10: ಮೇಲೇರಿದರೆ

ಬೋರ್ಡ್ ಹತ್ತಿರ ಪೂರ್ಣ ಪ್ರೊಫೆಷನಲ್ ಆಗುವ ಬೇಡಿಕೆ ಇಡಬೇಕೆನಿಸುತ್ತದೆ. ತರಬೇತಿ ಹೆಚ್ಚುತ್ತದೆ, ನಿಜ. ಆದರೆ ಪಾರ್ಟ್-ಟೈಮ್ ಕಾಂಟ್ರ್ಯಾಕ್ಟ್‌ನವರನ್ನೆಲ್ಲ ಫುಲ್-ಟೈಮ್‌ಗೆ ಬದಲಿಸಬೇಕು, ಸಂಬಳ ಏರುತ್ತದೆ, ಕೆಲವರು ಒಪ್ಪುವುದೂ ಇಲ್ಲ. ಐದನೇ ಹಂತದಲ್ಲಿ ಒಂದು ಸೀಸನ್ ಸೆಮಿ-ಪ್ರೊ ಆಗಿಯೇ ಉಳಿದು, ಬ್ಯಾಂಕಿನಲ್ಲಿ ಆರು ತಿಂಗಳ ಸಂಬಳ ಕೂಡಿದ ಮೇಲೆ ಕೇಳಿ.

ಹಣದ ವಿಷಯದಲ್ಲಿ ಆಟ ಹೆದರಿಸುವುದು ಸುಮ್ಮನೆ ಅಲ್ಲ. 2019ರ ಆಗಸ್ಟ್‌ನಲ್ಲಿ ಬರಿ ಎಫ್‌ಸಿ (Bury) ಎಂಬ ಕ್ಲಬ್ಬನ್ನು ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಿಂದ ಹೊರಹಾಕಿದ್ದು, 2020ರಲ್ಲಿ ಮ್ಯಾಕ್ಲ್ಸ್‌ಫೀಲ್ಡ್ ಟೌನ್ ಮುಚ್ಚಿಹೋಗಿದ್ದು ಹಣದ ಮೂಲದಿಂದಲೇ. ಆ ಲೀಗ್‌ನಲ್ಲಿ ಅಡ್ಮಿನಿಸ್ಟ್ರೇಶನ್‌ಗೆ (ದಿವಾಳಿ ತಡೆಯಲು ಹೊರಗಿನವರ ಆಡಳಿತ) ಹೋದ ಕ್ಲಬ್‌ಗೆ 12 ಅಂಕ ಕಡಿತ. ಕೃತಕ ಹುಲ್ಲಿನ ಪಿಚ್ ಇರುವ ಕ್ಲಬ್ ಹಿಡಿದವರು ಇನ್ನೊಂದು ಖರ್ಚನ್ನೂ ನೆನಪಿಡಿ: ನಾಲ್ಕನೇ ಹಂತದ ಲೀಗ್ ಟೂಗೆ ಏರಿದರೆ ಅದನ್ನು ಕಿತ್ತು ನಿಜವಾದ ಹುಲ್ಲು ಹಾಕಬೇಕು. 2020ರಲ್ಲಿ ಹ್ಯಾರೊಗೇಟ್ ಟೌನ್, 2021ರಲ್ಲಿ ಸಟನ್ ಯುನೈಟೆಡ್ ಹಾಗೇ ಮಾಡಬೇಕಾಯಿತು.

ಜೂನ್ 29ಕ್ಕೆ ಬಂದಾಗ ಒಂದು ನಿಮಿಷ ನಿಲ್ಲಿ. ಸ್ಕ್ವಾಡ್ ಪಟ್ಟಿಯನ್ನು ಕಾಂಟ್ರ್ಯಾಕ್ಟ್ ಮುಗಿಯುವ ದಿನದ ಪ್ರಕಾರ ಜೋಡಿಸಿ, ಕ್ಲಬ್ ಕೈಯಲ್ಲಿರುವ ಒಂದು ವರ್ಷದ ಹಕ್ಕನ್ನು ಯಾರ ಮೇಲಾದರೂ ಚಲಾಯಿಸುವುದು ಮರೆತಿದ್ದೀರಾ ನೋಡಿ. ಆಮೇಲೆ ಸೇವ್ ಮಾಡಿ, ಕಂಟಿನ್ಯೂ ಒತ್ತಿ.